ಇಟಲಿ ಗಾಡಿಯ ಮುಂದಿನ ಸೀಟು

ಬ್ರಹ್ಮಪುರದ ದೇವೀಂದ್ರಪ್ಪನವರು ಇಟಲಿಯ ಕಾರು ಕೊಂಡರು ಎಂದು ಊರೆಲ್ಲ ಹೇಳುತ್ತದೆ. ಊರಿಗೇನು, ಬಾಯಿ ಇದೆ, ಹೇಳುತ್ತದೆ. ಕೊಂಡದ್ದು ನಿಜವಾದರೆ ಅದಕ್ಕೆ ಕೊಟ್ಟದ್ದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೊಟ್ಟದ್ದು ಹೆಂಡತಿಯ ಪಾಲಿನ ಹೊಲ. ಅದನ್ನೂ ಕೊಟ್ಟಿರಲಿಲ್ಲ, ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದರು ಅಷ್ಟೆ. ಹೆಂಡತಿಯ ಹೊಲ ಬಿಡಿಸಿ ಕೊಡುತ್ತೇನೆಂದು ಗಂಡ ಮಾತು ಕೊಡುವುದು, ಆ ಮಾತಿನ ಮೇಲೆ ಹೆಂಡತಿಯ ತಮ್ಮ ಕಾರಿನ ಕೀಲಿ ಕೊಡುವುದು, ಇಬ್ಬರ ನಡುವೆ ಹೆಂಡತಿ ಚಹಾ ತಂದಿಡುವುದು. ನಮ್ಮ ಕಡೆ ದೊಡ್ಡ ವ್ಯವಹಾರಗಳೆಲ್ಲ ಹೀಗೇ ಮುಗಿಯುತ್ತವೆ.

ಆ ಚಹಾ ತಂದಿಟ್ಟವಳು ವಿದ್ಯಾವತಿ. ಇದು ಅವಳ ಕತೆ. ಕಾರಿನ ಕತೆ ಎಂದುಕೊಂಡು ಓದುವವರು ಹಾಗೇ ಓದಲಿ, ಅಡ್ಡಿಯಿಲ್ಲ. ಅವಳ ಯಜಮಾನರೂ ಹಾಗೇ ಅಂದುಕೊಂಡಿದ್ದರು.

ವಿದ್ಯಾವತಿ ಹುಟ್ಟಿದ್ದು ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟದ ಮನೆಯಲ್ಲಿ. ಅಪ್ಪ ಹಟದ ಮನುಷ್ಯ. ಹೈದರಾಬಾದಿಗೆ ಹಣ್ಣು ಮಾರಲು ಹೋದವನು, ಅಲ್ಲಿ ಯಾರೋ ನವಾಬರ ಮನೆಯ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ, ನೀರು ಕಾಯಿಸಲು ಒಂದು ತಾಮ್ರದ ಹಂಡೆ ತರುತ್ತೇನೆಂದು ಒಳಗೆ ನುಗ್ಗಿ, ಕಾರು ತಂದ. ಹಂಡೆಯನ್ನು ಬೇರೆ ಯಾರೋ ಕೂಗಿ ಕೊಂಡುಬಿಟ್ಟಿದ್ದರಂತೆ. ಬರಿಗೈಯಲ್ಲಿ ಬರಲು ಇವನಿಗೆ ಮನಸ್ಸಾಗಲಿಲ್ಲವಂತೆ. ಇಟಲಿಯಲ್ಲಿ ಕಟ್ಟಿದ ಕಾರು. ಎರಡೇ ಬಾಗಿಲು, ಉದ್ದ ಮೂತಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಮುಂದೆ ಎರಡು ಸೀಟು. ಹಿಂದೆಯೂ ಸೀಟಿನಂಥದೊಂದು ಇತ್ತು, ಅದರಲ್ಲಿ ಬೆಕ್ಕು ಆರಾಮಾಗಿ ಕೂಡಬಹುದಿತ್ತು. ಹಂಡೆ ಎಲ್ಲಿ ಎಂದು ಹೆಂಡತಿ ಕೇಳಿದ್ದಕ್ಕೆ ಅಪ್ಪ ಎದ್ದು ತೋಟಕ್ಕೆ ಹೋದನಂತೆ.

ಕಾರು ಕೆಲವು ವರ್ಷ ಓಡಿತು. ಆಮೇಲೊಂದು ಮಳೆಗಾಲ ನಿಂತದ್ದು ನಿಂತೇ ಬಿಟ್ಟಿತು. ಅಪ್ಪನಿಗೆ ಯಾವುದನ್ನೂ ಸುಮ್ಮನೆ ಬಿಟ್ಟು ಗೊತ್ತಿಲ್ಲ. ತಗಡಿನ ಶೆಡ್ಡಿಗೆ ಅದನ್ನು ತಳ್ಳಿ, ಒಳಗೆಲ್ಲ ಹುಲ್ಲು ಹಾಸಿ, ಬಾಳೆಗೊನೆ ಪೇರಿಸಿ, ಗಾಜು ಏರಿಸಿ ಬಾಗಿಲು ಹಾಕಿದ. ನಮ್ಮ ಬಿಸಿಲು ಗೊತ್ತಲ್ಲ. ಹಣ್ಣು ಎಷ್ಟು ಚೆಂದ ಮಾಗಿತೆಂದರೆ, ಮರುವಾರ ಪಕ್ಕದ ತೋಟದವರೂ ತಮ್ಮ ಗೊನೆ ಹೊತ್ತು ತಂದರು. ಇಟಲಿಯವರು ಏನು ಎಣಿಸಿ ಕಟ್ಟಿದ್ದರೋ ಏನೋ, ಕಮಲಾಪುರದಲ್ಲಿ ಅದು ಬಾಳೆಹಣ್ಣಿನ ಕೋಣೆಯಾಯಿತು.

ಆ ಕಾರಿನೊಳಗೆ ಹೋಗುವ ಹಕ್ಕು ಮನೆಯಲ್ಲಿ ಇಬ್ಬರಿಗೇ ಇತ್ತು, ಅಪ್ಪನಿಗೆ ಮತ್ತು ವಿದ್ಯಾವತಿಗೆ. ತಮ್ಮ ಮಹಾದೇವನಿಗೆ ಹಲ್ಲಿ ಕಂಡರೆ ಜೀವ ಹೋಗುತ್ತಿತ್ತು, ಅವನು ಶೆಡ್ಡಿನ ಬಾಗಿಲಲ್ಲೇ ನಿಂತು ಅಳುತ್ತಿದ್ದ. ಮಧ್ಯಾಹ್ನದ ಹೊತ್ತು ಅಪ್ಪ ಸ್ಟೇರಿಂಗ್ ಹಿಡಿದು ಕೂತು, ಪಕ್ಕದ ಸೀಟಿನ ಗೊನೆ ಹಿಂದಕ್ಕೆ ಸರಿಸಿ ಮಗಳನ್ನು ಕೂಡಿಸಿಕೊಂಡು, "ಎಲ್ಲಿಗಿ ಹೋಗೂನವ್ವಾ ಇವತ್ತ?" ಎಂದು ಕೇಳುತ್ತಿದ್ದ. ಅವಳು ಯಾವ ಊರಿನ ಹೆಸರು ಹೇಳಿದರೂ ಆಗುತ್ತಿತ್ತು. ಗಾಡಿ ಅಲ್ಲಾಡದಿದ್ದರೂ ಇಬ್ಬರೂ ಹೋಗಿ ಬರುತ್ತಿದ್ದರು. ಅವಳ ಬಾಳಿನಲ್ಲಿ ಯಾರಾದರೂ ಎಲ್ಲಿಗೆ ಹೋಗೋಣ ಎಂದು ಅವಳನ್ನು ಕೇಳಿದ್ದರೆ ಅದು ಅಲ್ಲೇ, ಅಷ್ಟೇ.

ಆಮೇಲೆ ಪಿಯುಸಿ ಮುಗಿಯಿತು, ಮದುವೆಯಾಯಿತು, ಕಲಬುರಗಿಯ ಬ್ರಹ್ಮಪುರಕ್ಕೆ ಬಂದಳು. ಗಂಡ ದೇವೀಂದ್ರಪ್ಪನವರು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಸಂಬಳ ಬರುತ್ತಿತ್ತು, ಆದರೆ ಮನೆ ಮುಟ್ಟುವ ಹೊತ್ತಿಗೆ ದಣಿದಿರುತ್ತಿತ್ತು. ವಿದ್ಯಾವತಿ ಜೋಳದ ರೊಟ್ಟಿ ಬಡಿಯಲು ಕೂತಳು. ಮೊದಲು ನಾಕು ಮನೆಗೆ, ಆಮೇಲೆ ಖಾನಾವಳಿಗಳಿಗೆ, ಆಮೇಲೆ ಒಣಗಿಸಿದ ಕಟಕ ರೊಟ್ಟಿ ಕಟ್ಟಿ ಬೇರೆ ಊರಿಗೆ. ಇಬ್ಬರು ಹೆಣ್ಣುಮಕ್ಕಳ ಓದು, ಮದುವೆ, ಬಾಣಂತನ ಎಲ್ಲ ಆ ಹಂಚಿನ ಮೇಲೇ ಆಯಿತು. ಯಜಮಾನರು ಇದನ್ನು "ನಮ್ಮ ಮನಿಯಾಕಿ ಟೈಂಪಾಸಿಗಿ ರೊಟ್ಟಿ ಮಾಡ್ತಾಳ್ರಿ" ಎಂದು ಜನಕ್ಕೆ ಪರಿಚಯಿಸುತ್ತಿದ್ದರು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆಗಳಲ್ಲಿ ಕಾರಿನ ಮುಂದಿನ ಸೀಟು ಗಂಡಸಿನದು. ಯಾವ ಕಾನೂನಿನಲ್ಲೂ ಬರೆದಿಲ್ಲ, ಆದರೂ ತಪ್ಪುವುದಿಲ್ಲ. ಮದುವೆಗೆ ಜೀಪು ಮಾಡಿದರೆ ಹಿಂದೆ ಹೆಂಗಸರು, ಮಕ್ಕಳು, ಮಡಿಲ ತುಂಬ ಬುತ್ತಿಗಂಟು. ಮುಂದೆ ಒಬ್ಬ ಗಂಡಸು ಮತ್ತು ಅವನ ಟವೆಲ್ಲು. ಅಳಿಯ ಬಂದರೆ ಅಳಿಯ, ಬೀಗ ಬಂದರೆ ಬೀಗ. ಯಾರೂ ಸಿಗದಿದ್ದರೆ ನೆಂಟರ ಮನೆಯ ಮೀಸೆ ಮೂಡದ ಹುಡುಗನಾದರೂ ಮುಂದೆ ಕೂಡುತ್ತಾನೆ, ಮೊಣಕಾಲು ನೋಯುವ ಅಜ್ಜಿ ಹಿಂದೆ ಹತ್ತುತ್ತಾಳೆ. ಗಂಡನ ಪಕ್ಕದಲ್ಲಿ ಹೆಂಡತಿ ಕೂತು ಊರೊಳಗೆ ಹಾದರೆ, ಸಿನೆಮಾದವರ ಹಾಗೆ ಮಾಡುತ್ತಾರೆ ಎಂದು ಓಣಿ ಮೂಗು ಮುರಿಯುತ್ತದೆ. ಈಗಿನ ಹುಡುಗ ಹುಡುಗಿಯರು ಕೂಡುತ್ತಾರೆ, ಇಲ್ಲವೆನ್ನುವುದಿಲ್ಲ. ದೇವೀಂದ್ರಪ್ಪನವರು ಈಗಿನವರಲ್ಲ.

ಅಪ್ಪ ಹೋದ. ದಿನಕರ್ಮ ಮುಗಿದು ಕೆಲವು ತಿಂಗಳಾದ ಮೇಲೆ ಮಹಾದೇವ ಕಲಬುರಗಿಗೆ ಬಂದ. ಆ ಹೊತ್ತಿಗೆ ದೇವೀಂದ್ರಪ್ಪನವರು ನಿವೃತ್ತರಾಗಿ ಇಡೀ ದಿನ ಮೊಬೈಲು ನೋಡುತ್ತ ಕೂಡುತ್ತಿದ್ದರು. ಹಳೇ ವಿದೇಶಿ ಕಾರುಗಳ ಮೆರವಣಿಗೆಯಲ್ಲಿ ಟೋಪಿ ಹಾಕಿಕೊಂಡ ದೊಡ್ಡ ಮನುಷ್ಯರು ಕೈ ಬೀಸುವುದನ್ನು ಅದರಲ್ಲಿ ನೋಡಿ, ಕಾರು ಇಲ್ಲದಿದ್ದರೂ ಟೋಪಿ ತರಿಸಿಕೊಂಡಿದ್ದರು. ಮಹಾದೇವನಿಗೆ ಇದು ಗೊತ್ತಿತ್ತು. ಹಲ್ಲಿಗೆ ಹೆದರುವವನಾದರೂ ವ್ಯವಹಾರಕ್ಕೆ ಹೆದರುವವನಲ್ಲ.

"ಮಾಮಾ, ಶೆಡ್ಡಿನ್ಯಾಗಿನ ಗಾಡಿ ನೀವs ಒಯ್ರಿ. ನಿಮ್ಮಂಥಾವರ ಕೈಯಾಗ ಇರಬೇಕ್ರಿ ಅದು," ಎಂದ. "ಹೊಲದ್ದೊಂದು ಅಕ್ಕನ ಸಹಿ ಆಗಬೇಕು. ಹಕ್ಕು ಬಿಟ್ಟೀನಿ ಅಂತ. ಕಾಗದ ಎಲ್ಲಾ ಹೊಂದಿಸಾಕ ಸ್ವಲ್ಪ ದಿನ ಹಿಡೀತದ. ಆದ ಮ್ಯಾಲ ಹೇಳ್ತೀನಿ."

"ಅದೇನ್ ದೊಡ್ಡ ಮಾತೋ ಮಹಾದೇವ. ಆಕಿ ಮಾಡ್ತಾಳ," ಎಂದರು ಯಜಮಾನರು. ಆಕೆ ಪಕ್ಕದಲ್ಲೇ ಚಹಾದ ಕಪ್ಪು ಹಿಡಿದು ನಿಂತಿದ್ದಳು.

ವಿದ್ಯಾವತಿಗೆ ಏನೂ ತಿಳಿಯದೆಂದಲ್ಲ. ತವರಿನಲ್ಲಿ ಪಾಲು ಕೇಳಿದವಳಿಗೆ ತವರು ಉಳಿಯುವುದಿಲ್ಲ ಎಂಬುದನ್ನು ಈ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಒಂದು ಸೀರೆ, ಒಂದು ಕುಪ್ಪಸದ ಖಣ, ಉಡಿ ತುಂಬ ಅಕ್ಕಿ ಕೊಬ್ಬರಿ. ಅಷ್ಟಕ್ಕೆ ಹೊಲ ಬಿಟ್ಟುಕೊಟ್ಟು ಕಣ್ಣೊರೆಸಿಕೊಂಡು ಬಂದವರೇ ಎಲ್ಲರೂ. ಪಕ್ಕದ ಮನೆಯ ಇಕ್ಬಾಲ್ ಬೇಗಂ, ರೊಟ್ಟಿ ಕಟ್ಟಲು ಇವಳ ಜೊತೆ ಕೂಡುವವರು, ಕೇಳಿ ನಕ್ಕೇ ನಕ್ಕರು.

"ನಿಮಗ ಕಾರರ ಸಿಗ್ತದ ಬೆಹೆನ್. ನಮ್ಮಾಗ ಹೆಣ್ಮಕ್ಕಳ ಹಿಸ್ಸಾ ಶರೀಯತ್‌ನ್ಯಾಗ ಬರದದ, ಎಲ್ಲಾರೂ ಬಾಯಿಪಾಠ ಹೇಳ್ತಾರ. ನಮ್ಮ ಭಾಯಿ ನನಗ ಏನ್ ಕೊಟ್ಟ ಹೇಳ್ರಿ? ಫ್ರಿಜ್ಜು. ಅದೂ ತನ್ನ ಮನೀದು, ಹಳೇದು."

ವಿದ್ಯಾವತಿಯೂ ನಕ್ಕಳು. ಆ ರಾತ್ರಿ ಊಟಕ್ಕೆ ಬಡಿಸುತ್ತ ಯಜಮಾನರಿಗೆ ಹೇಳಿದಳು: "ಸಹಿ ಮಾಡ್ತೀನ್ರಿ. ಖರೇ ನಂದೊಂದು ಮಾತದ. ಗಾಡಿ ತಯಾರಾದ ಮ್ಯಾಲ ಮುಂದಿನ ಸೀಟಿನ್ಯಾಗ ನಾ ಕೂಡಾಕಿ. ಹಂಗs ಕಮಲಾಪುರಕ್ಕ ಹೋಗೂನು. ಊರಾಗ ಎಲ್ಲಾರೂ ನೋಡ್ಲಿ. ಮತ್ತೇನೂ ಬ್ಯಾಡ ನನಗ."

"ಏ, ಕೂಡು! ಯಾರು ಬ್ಯಾಡಂದ್ರು?" ಎಂದರು ದೇವೀಂದ್ರಪ್ಪನವರು, ಇನ್ನೊಂದು ರೊಟ್ಟಿಗೆ ಕೈಚಾಚುತ್ತ.

ಅವಳು ತನ್ನ ಪಾಲಿನ ಹೊಲ ಕೊಟ್ಟು ಕೊಂಡದ್ದು ಆ ಒಂದು ಸೀಟು. ಅದನ್ನು ಅವಳು ಮರೆಯಲಿಲ್ಲ. ಅವರು ಕೈ ತೊಳೆಯುವ ಹೊತ್ತಿಗೇ ಮರೆತರು.

ಕಾರು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂತು ಕಲಬುರಗಿಯ ಅಂಚಿನ ಕಪನೂರಿಗೆ ಬಂತು, ಮಜರ್ ಎಂಬವನ ವರ್ಕ್‌ಶಾಪಿಗೆ. ಬಾನೆಟ್ಟು ಎತ್ತಿದರೆ ಇಲಿಗಳ ಸಂಸಾರ. ಸೀಟು ಎತ್ತಿದರೆ ಒಣಗಿ ಕರ್ರಗಾದ ಬಾಳೆಸಿಪ್ಪೆ. ಮಜರ್ ಬೀಡಿ ಹಚ್ಚಿ ಸುತ್ತ ಒಂದು ಸುತ್ತು ಬಂದು, "ಸಾಬ್, ಇದರಾಗ ಗಾಡಿ ಕಮ್ಮಿ ಅದ, ತೋಟ ಜಾಸ್ತಿ ಅದ," ಎಂದ. ಹೆಸರಿನ ತಗಡಿನಲ್ಲಿ ಅರ್ಧ ಅಕ್ಷರ ಉದುರಿದ್ದವು. ಉಳಿದದ್ದನ್ನು ದೇವೀಂದ್ರಪ್ಪನವರು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಓದುತ್ತಿದ್ದರು. ಜನ ಸರಳ ಮಾಡಿಕೊಂಡು 'ಇಟಲಿ ಗಾಡಿ' ಎಂದರು.

ರಿಪೇರಿ ಎಂದರೆ ಯಜಮಾನರಿಗೆ ಕೋಪ. "ರಿಪೇರಿ ಅಲ್ರಿ, ರಿಸ್ಟೊರೇಶನ್," ಎಂದು ಚಹಾದಂಗಡಿಯವನನ್ನೂ ತಿದ್ದುತ್ತಿದ್ದರು. ಎಲ್ಲ ಒರಿಜಿನಲ್ ಆಗಬೇಕು, ಇಟಲಿಯಲ್ಲಿ ಹೇಗಿತ್ತೋ ಹಾಗೇ ಆಗಬೇಕು ಎಂದು ದಿನಾ ಹೋಗಿ ಮಜರ್‌ನ ತಲೆ ತಿನ್ನುತ್ತಿದ್ದರು. ಒರಿಜಿನಲ್ಲಿನ ಕತೆ ಏನಾಯಿತು ಕೇಳಿ. ರೇಡಿಯೇಟರ್ ಸಿಗಲಿಲ್ಲ, ಟೆಂಪೋದ್ದು ಬಡಿದು ಕೂಡಿಸಿದರು. ವೈಪರ್ ಆಟೋದ್ದು. ಬಣ್ಣ ಇಟಲಿ ಕೆಂಪೇ ಆಗಬೇಕೆಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಬಿಸಿಲಿಗೆ ಹಿಡಿದ ಮೊಬೈಲಿನಲ್ಲಿ ಪೇಂಟರಿಗೆ ಏನು ಕಂಡಿತೋ, ಅಡುಗೆ ಗ್ಯಾಸಿನ ಸಿಲಿಂಡರಿನ ಕೆಂಪು ಬಳಿದ. ಸೀಟಿನ ಹಳೇ ಚರ್ಮ ಕಿತ್ತು ಮಖಮಲ್ ಹೊದಿಸಿದರು, ಅಂಚಿಗೆ ಬಂಗಾರದ ಗೊಂಡೆ. ಎಲ್ಲ ಜೋಡಿಸಿದ ಮೇಲೆ ತಗಡಿನ ಡಬ್ಬಿಯ ತುಂಬ ನಟ್ಟು ಬೋಲ್ಟು ಉಳಿದವು. ಇವು ಎಲ್ಲಿಯವು ಎಂದು ಕೇಳಿದರೆ ಮಜರ್ ಒಂದಿಷ್ಟೂ ನಗದೆ, "ಜಾಸ್ತಿ ಅವ ಸಾಬ್. ಫಾರಿನ್‌ನವ್ರು ಎಕ್ಸ್‌ಟ್ರಾ ಕೊಡ್ತಾರ," ಎಂದ. ಯಜಮಾನರು ಅದನ್ನೂ ಹೆಮ್ಮೆಯಿಂದ ಮನೆಗೆ ತಂದರು.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮೊದಲ ಸಲ ವರ್ಕ್‌ಶಾಪಿನಿಂದ ಹೊರಗೆ ತಂದ ದಿನ ಎದುರಿನ ರಸ್ತೆಯ ಹಂಪಿನ ಮೇಲೆ ಕಾರಿನ ಹೊಟ್ಟೆ ಸಿಕ್ಕಿ ಕೂತುಬಿಟ್ಟಿತು. ನಾಲ್ಕೂ ಗಾಲಿ ಗಾಳಿಯಲ್ಲಿ ತಿರುಗುತ್ತಿವೆ, ಒಳಗೆ ಟೋಪಿ ಹಾಕಿದ ದೇವೀಂದ್ರಪ್ಪನವರು ಗೇರು ಬದಲಿಸುತ್ತಿದ್ದಾರೆ. ಹಮಾಲರು ಬಂದು ಎತ್ತಿ ಇಳಿಸಿದರು. ಯಜಮಾನರಿಗೆ ಅವಮಾನ ತಡೆಯಲಿಲ್ಲ. "ಎತ್ತರ ಮಾಡು," ಎಂದರು.

"ನಕ್ಕೋ ಸಾಬ್, ಬ್ಯಾಡ. ಗಿಡ್ಡ ಗಾಡಿ, ಗಿಡ್ಡನs ಇರ್ಲಿ. ಚಲೋ ಕಾಣಂಗಿಲ್ಲ."

"ಮಾಡಂದ್ರ ಮಾಡೋ!"

ಮಜರ್ ಜೀಪಿನ ಸ್ಪ್ರಿಂಗ್ ಪಾಟಾ ಹಾಕಿ ಎತ್ತಿದ. ಇಟಲಿಯ ಗಾಡಿ ಈಗ ಸೀರೆ ಮೇಲೆತ್ತಿ ಹಿಡಿದು ಹಳ್ಳ ದಾಟುವ ಹೆಂಗಸಿನ ಹಾಗೆ ನಿಂತಿತು. ಹತ್ತಲು ಒಂದು ಮಣೆ ಬೇಕಾಯಿತು. ಬಾಳೆಹಣ್ಣಿನ ವಾಸನೆ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಯಜಮಾನರು ಅತ್ತರು ಹೊಡೆದರು, ಅದು ಬಾಳೆಹಣ್ಣಿನ ಜೊತೆ ಸೇರಿ ಮತ್ತೊಂದು ವಾಸನೆಯಾಯಿತು. ಹಿಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸಿ, ಕೆಳಗೆ ದೊಡ್ಡದಾಗಿ ತಮ್ಮ ತಂದೆಯವರ ಕೃಪೆ ಎಂದು ಬರೆಸಿದರು. ಆ ತಂದೆಯವರು ಜೀವಮಾನದಲ್ಲಿ ಕಾರು ಮುಟ್ಟಿದವರಲ್ಲ. ನಮ್ಮಪ್ಪನ ಹೆಸರು ಎಲ್ಲಿ ಎಂದು ವಿದ್ಯಾವತಿ ಕೇಳಿದಳು. ಗಾಜು ಸಣ್ಣದದ, ಜಾಗ ಸಾಲಲಿಲ್ಲ ಎಂದರು. ಈ ಎಲ್ಲ ವೈಭವಕ್ಕೆ ರೊಟ್ಟಿ ದುಡಿಯುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಕಾರು ಮನೆಗೆ ಬಂದ ದಿನ ವಿದ್ಯಾವತಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು ಇಳಕಲ್ ಸೀರೆ ಉಟ್ಟಳು. ಆರತಿ ಮಾಡಿದಳು, ಗಾಲಿಗೆ ಲಿಂಬೆಹಣ್ಣಿಟ್ಟಳು, ಕಾಯಿ ಒಡೆದಳು. ಶರಣಬಸವೇಶ್ವರ ಗುಡಿಗೆ ಹೋಗಿ ಬರುವುದೆಂದು ಮಾತಾಗಿತ್ತು. ಆರತಿ ತಟ್ಟೆ ಒಳಗಿಟ್ಟು, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಹೊರಗೆ ಬಂದು ನೋಡುತ್ತಾಳೆ, ಮುಂದಿನ ಸೀಟಿನಲ್ಲಿ ಪೀರಪ್ಪ ಕೂತಿದ್ದಾನೆ.

ಈ ಪೀರಪ್ಪ ಯಜಮಾನರ ಹಳೆಯ ಗೆಳೆಯ, ಅದೇ ಸಂಘದಲ್ಲಿ ಕೆಲಸ ಮಾಡಿದವನು. ಯಾವ ಕಚೇರಿಯಲ್ಲಿ ಯಾರಿದ್ದಾರೆ, ಯಾರಿಗೆ ಯಾರು ಬೇಕಾದವರು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿ. ಅದು ಬಿಟ್ಟರೆ ಅವನಿಂದ ಯಾರಿಗೂ ಒಂದು ಕಡ್ಡಿಯ ಉಪಕಾರ ಆದದ್ದಿಲ್ಲ.

"ಬರ್ರಿ ಅಕ್ಕಾರ, ಹಿಂದ ಭಾಳ ಜಾಗಾ ಅದ," ಎಂದ ಪೀರಪ್ಪ, ತಾನು ಇಳಿಯದೆ.

"ಹಿಂದ ಕೂಡು ವಿದ್ಯಾ. ಗಂಡಸರ ಮುಂದ ಇದ್ರ ಚಲೋ ಕಾಣ್ತದ. ಮೊದಲನೇ ದಿನ," ಎಂದರು ದೇವೀಂದ್ರಪ್ಪನವರು.

ಓಣಿಯ ಜನರೆಲ್ಲ ನಿಂತಿದ್ದಾರೆ. ಅವಳು ಮಣೆಯ ಮೇಲೆ ಕಾಲಿಟ್ಟಳು. ಪೀರಪ್ಪ ಇಳಿಯದೆ ಸೀಟು ಬಾಗುವುದಿಲ್ಲ, ಇಳಿಯಲು ಅವನಿಗೆ ಮನಸ್ಸಿಲ್ಲ. ಕೊನೆಗೆ ಇಳಿದ. ಅವಳು ತಲೆ ತಗ್ಗಿಸಿ, ಮೈ ಮಡಚಿ ನುಗ್ಗಿದಳು. ಬೆಕ್ಕಿನ ಜಾಗದಲ್ಲಿ ಐವತ್ತು ದಾಟಿದ ಹೆಂಗಸು ಹೇಗೆ ಹಿಡಿದಾಳು? ಸೆರಗು ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಪರ್ರನೆ ಹರಿಯಿತು. ಯಾರೋ ಕಿಸಕ್ಕೆಂದು ನಕ್ಕರು. ಅವಳು ಹಿಂದಕ್ಕೆ ಇಳಿದು, "ನೀವು ಹೋಗಿ ಬರ್ರಿ, ನನಗ ಹಿಟ್ಟು ನಾದೂದದ," ಎಂದು ಒಳಗೆ ಹೋದಳು. ಒಳಗೆ ಹೋಗಿ ಹರಿದ ಸೆರಗು ನೋಡುತ್ತ ಅತ್ತಳು. ಸೀರೆಗಲ್ಲ ಅತ್ತದ್ದು.

ಆಮೇಲೆ ಆ ಸೀಟಿನಲ್ಲಿ ಕೂತವರ ಹೆಸರು ಹೇಳುತ್ತ ಹೋದರೆ ಹೊತ್ತು ಸಾಲದು. ಪೀರಪ್ಪನದಂತೂ ಕಾಯಂ. ಅವನಿಲ್ಲದ ದಿನ ಬೀಗರು ಕೂತರು, ವಾರ್ಡಿನ ಪುಢಾರಿಯ ಭಾವಮೈದುನ ಕೂತ, ಸಹಕಾರಿ ಸಂಘದ ಹೊಸ ಸೆಕ್ರೆಟರಿ ಕೂತು ಗೊಂಡೆ ಹಿಡಿದು ಫೋಟೊ ತೆಗೆಸಿಕೊಂಡ. ಮದುವೆಯೊಂದರಲ್ಲಿ ಮದುಮಗನನ್ನು ಕೂಡಿಸಿ ಮೆರವಣಿಗೆ ಮಾಡಿದರು. ಮದುಮಗಳು ಹಿಂದೆ ಟೆಂಪೋದಲ್ಲಿ ಬಂದಳು. ವಿದ್ಯಾವತಿ ಎಲ್ಲಿಗೆ ಹೋಗುವುದಿದ್ದರೂ ಆಟೋ. ಪ್ರತಿ ಸಲವೂ ಅವಳು ಕೇಳಿದಾಗ ಯಜಮಾನರ ಬಳಿ ಒಂದು ಹೊಸ ಕಾರಣ ಇರುತ್ತಿತ್ತು: ಇವತ್ತು ದೊಡ್ಡವರು ಬರುತ್ತಾರೆ, ಇವತ್ತು ಬಿಸಿಲು ಬಹಳ, ಇವತ್ತು ಅಮಾವಾಸ್ಯೆ. ಒಂದು ಸಲ ತಲೆ ಕೆರೆದುಕೊಂಡು ನಿಜವನ್ನೇ ಹೇಳಿಬಿಟ್ಟರು.

"ನಾವಿಬ್ಬರs ಮುಂದ ಕೂತು ಹೊಂಟ್ರ ಮಂದಿ ನಗ್ತಾರ. ಈ ವಯಸ್ಸಿನ್ಯಾಗ ಏನ್ ಹುಡುಗಾಟ ಅಂತಾರ."

ಗ್ಯಾಸ್ ಸಿಲಿಂಡರಿನ ಬಣ್ಣ ಬಳಿದು, ಗೊಂಡೆ ಕಟ್ಟಿ, ಟೋಪಿ ಹಾಕಿಕೊಂಡು ಊರು ಸುತ್ತುವ ಮನುಷ್ಯನಿಗೆ ಮಂದಿ ನಗುವುದು ಹೆಂಡತಿ ಕೂತರೆ ಮಾತ್ರ ಎಂದು ಗೊತ್ತಾಗಿತ್ತು.

ಕಾಗದಪತ್ರ ಹೊಂದಿದವು. ಮಹಾದೇವ ಫೋನು ಮಾಡಿ, ಬರುವ ಸೋಮವಾರ ಕಮಲಾಪುರದ ನೋಂದಣಿ ಕಚೇರಿಯಲ್ಲಿ ಅಕ್ಕನ ಸಹಿ ಎಂದ. ಸಹಿಯಾದ ಮೇಲೆ ಮನೆಯಲ್ಲಿ ಹೋಳಿಗೆ ಊಟ, ಅಕ್ಕನಿಗೆ ಉಡಿ ತುಂಬುವುದು. ವಿದ್ಯಾವತಿಯ ಎದೆ ಹಗುರಾಯಿತು. ಇದೊಂದು ದಿನವಾದರೂ ತಪ್ಪುವುದಿಲ್ಲ, ಇದು ತನ್ನದೇ ದಿನ. ಹರಿದ ಸೆರಗಿಗೆ ರಫೂ ಮಾಡಿಸಿ ಇಟ್ಟಿದ್ದ ಸೀರೆ ತೆಗೆದಳು.

ಸೋಮವಾರ ಬೆಳಿಗ್ಗೆ ಯಜಮಾನರು ಟೋಪಿ ಒರೆಸುತ್ತ ಹೇಳಿದರು: "ಪೀರಪ್ಪ ಬರ್ತಾನ. ಕಚೇರಿ ಮಂದಿ ಜೋಡಿ ಮಾತಾಡಾಕ ಬೇಕಲ್ಲ ಒಬ್ಬಾವ? ಹಿಂದಿನ ಸೀಟಿನ್ಯಾಗ ಮಹಾದೇವಗ ಶಾಲು, ಹಾರ, ಪೇಢೆ ಡಬ್ಬಿ ಇಟ್ಟೀನಿ. ನೀ ಬಸ್ಸಿಗಿ ಬಾ. ಹೆಣ್ಮಕ್ಕಳಿಗಿ ಪುಕ್ಕಟ ಅದಲ್ಲ."

ಅವಳು ಅವರ ಮುಂದೆ ಬಂದು ನಿಂತಳು. "ನಾ ಏನ್ ಹೇಳಿದ್ದೆ ನೆನಪದ ಏನ್ರಿ?"

"ಏನು?"

"ಮುಂದಿನ ಸೀಟು."

"ಅಯ್ಯ, ಸೀಟು ಎಲ್ಲಿ ಓಡಿ ಹೋಗ್ತದ? ಬರೂವಾಗ ಕೂಡು. ಈಗ ಪೀರಪ್ಪಗ ಹೇಳಿಬಿಟ್ಟೀನಿ, ಬ್ಯಾಡ ಅಂದ್ರ ಬ್ಯಾಸರ ಮಾಡ್ಕೊಂತಾನ."

ಬರುವಾಗ. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಬಸ್ಸು ಹತ್ತಿದಳು. ಹುಮನಾಬಾದಿನ ಬಸ್ಸು, ಕಾಲಿಡಲು ಜಾಗವಿಲ್ಲ. ಕಮಲಾಪುರದವರೆಗೆ ನಿಂತೇ ಬಂದಳು. ಇಳಿದು ಕಚೇರಿಗೆ ನಡೆದು ಹೋದರೆ ಅಲ್ಲಿ ಜಾತ್ರೆ. ಇಟಲಿ ಗಾಡಿಯ ಸುತ್ತ ಅರ್ಧ ಊರು. ಅವಳ ಜೊತೆ ಓದಿದವರು, ತೋಟದ ಆಳುಗಳು, ಅಂಗಡಿಯವರು ಎಲ್ಲರೂ ಮುತ್ತಿಕೊಂಡಿದ್ದಾರೆ. ದೇವೀಂದ್ರಪ್ಪನವರು ಟೋಪಿ ಸರಿಮಾಡಿಕೊಂಡು ರಿಸ್ಟೊರೇಶನ್ ಎಂದರೇನು ಎಂದು ತಿಳಿಹೇಳುತ್ತಿದ್ದಾರೆ. ಪೀರಪ್ಪ ಬಾಗಿಲಿಗೆ ಆತು ನಿಂತಿದ್ದಾನೆ. ಇವಳು ಬಂದದ್ದನ್ನು ನೋಡಿದವಳು ಮಹಾದೇವನ ಹೆಂಡತಿ ಅಂಜನಾ ಒಬ್ಬಳೇ. "ನಿಂತs ಬಂದ್ರೇನಕ್ಕಾ? ಕಾಲು ಬಾತಾವಲ್ಲ," ಎಂದು ಕೈ ಹಿಡಿದಳು. ಅವಳ ಇನ್ನೊಂದು ಕೈಯಲ್ಲಿ ಉಡಿಯ ಸಾಮಾನಿನ ಚೀಲವಿತ್ತು.

ಒಳಗೆ ಕರೆದರು. ಕ್ಯಾಮೆರಾದ ಮುಂದೆ ಒಂದು ಕುರ್ಚಿ. ಅಧಿಕಾರಿ ಹೆಣ್ಣುಮಗಳು, ವಯಸ್ಸಿನಲ್ಲಿ ಇವಳ ದೊಡ್ಡ ಮಗಳಷ್ಟು. "ಅಮ್ಮಾರ, ನೀವು ಬರ್ರಿ. ಇಲ್ಲಿ ಮುಂದ ಕೂಡ್ರಿ," ಎಂದರು. ವಿದ್ಯಾವತಿ ಕೂತಳು. ಕಾಗದ ಓದಿ ಹೇಳಿದರು: ತಂದೆಯ ಹೊಲದಲ್ಲಿ ನನಗಿರುವ ಹಕ್ಕನ್ನು ಪ್ರೀತಿ ವಿಶ್ವಾಸದಿಂದ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ. ಅವಳು ಹೂಂ ಎಂದಳು. ಪೆನ್ನು ಕೈಗೆ ಬಂತು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಯಜಮಾನರು ಮಹಾದೇವನ ಹೆಗಲ ಮೇಲೆ ಕೈ ಹಾಕಿ, ದನಿ ತಗ್ಗಿಸದೆ ಹೇಳಿದರು: "ಊಟ ಆದ ಮ್ಯಾಲ ನೀನೂ ನಡಿ ಕಲಬುರಗಿಗಿ. ಮುಂದ ಕೂಡು, ಊರು ನೋಡ್ಲಿ. ಪೀರಪ್ಪ ಹೆಂಗರ ಹಿಂದ ಹೊಂದ್ಕೊಂತಾನ. ನಿಮ್ಮಕ್ಕಗ ಬಸ್ ಅದ."

ಪೆನ್ನು ಹಾಗೇ ನಿಂತಿತು. ವಿದ್ಯಾವತಿ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಯಾಕ್ರಿ ಅಮ್ಮಾರ, ಒಪ್ಪಿಗಿ ಇಲ್ಲೇನ್ರಿ?" ಅಧಿಕಾರಿ ಕೇಳಿದರು. "ಇದಕ್ಕ ನೀವೇನರ ತಗೊಂಡೀರೇನು?"

"ನಾ ಏನೂ ತಗೊಂಡಿಲ್ರಿ," ಎಂದಳು ವಿದ್ಯಾವತಿ. "ಗಾಡಿ ತಗೊಂಡಾರ. ಅಲ್ಲಿ ಹೊರಗ ನಿಂತದಲ್ರಿ, ಅದು. ಯಾರು ತಗೊಂಡಾರೋ ಅವರ ಕಡಿಂದನs ಸಹಿ ಮಾಡಿಸ್ಕೊಳ್ರಿ." ಬೆರಳು ಹಿಂದಕ್ಕೆ ತಿರುಗಿಸಿ ಯಜಮಾನರನ್ನು ತೋರಿಸಿದಳು.

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಅವರ ಹೆಸರಿಲೆ ಹೊಲ ಎಲ್ಲಿ ಅದ್ರಿ?"

"ಗಾಡೀನೂ ಅವರಪ್ಪಂದಲ್ರಿ."

"ಏ ವಿದ್ಯಾ, ತಲಿ ಕೆಟ್ಟದೇನ?" ಎಂದು ಯಜಮಾನರು ಮುಂದೆ ಬಂದರು. ಮಹಾದೇವ ಅವರನ್ನು ಸರಿಸಿ ತಾನು ಬಂದ. "ಅಕ್ಕಾ, ಮಂದಿ ಮುಂದ ಮಾನ ಕಳೀಬ್ಯಾಡ. ಸಹಿ ಮಾಡು."

"ಮಾಡಂಗಿಲ್ಲ."

"ಹಂಗಾದ್ರ ಇವತ್ತಿನಿಂದ ನಿನಗ ತವರಮನಿ ಇಲ್ಲ, ತಿಳೀತಾ?"

ಆ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ಅಂಜನಾ ಚೀಲ ಎದೆಗೊತ್ತಿಕೊಂಡು ನಿಂತಿದ್ದಳು, ಅವಳ ಕಣ್ಣಲ್ಲೂ ನೀರು. ವಿದ್ಯಾವತಿ ಎಲ್ಲರೆದುರೇ ಅತ್ತಳು, ಮುಚ್ಚಿಡಲಿಲ್ಲ. ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಿಂದ ಎದ್ದು ಹೊರಗೆ ಬಂದಳು. ಸಹಿ ಮಾತ್ರ ಮಾಡಲಿಲ್ಲ.

ಹೊರಗೆ ನಡೆದದ್ದನ್ನು ಕಮಲಾಪುರದವರು ಇನ್ನೂ ಮಾಡಿ ತೋರಿಸುತ್ತಾರೆ. ಮಹಾದೇವ ಮಾಮನ ಕಿಸೆಗೆ ಕೈ ಹಾಕಿ ಕೀಲಿ ಕಿತ್ತುಕೊಂಡ. ಯಜಮಾನರು ಬಾನೆಟ್ಟಿನ ಮೇಲೆ ಮಲಗಿಬಿಟ್ಟರು. "ನಾ ರಿಸ್ಟೊರೇಶನ್ ಮಾಡಿಸೀನಿ! ಒರಿಜಿನಲ್ ಮಾಡಿಸೀನಿ!" ಎಂದು ಕೂಗಿದರು. ಬಿಸಿಲಿಗೆ ಕಾದ ತಗಡು. ಬಹಳ ಹೊತ್ತು ಮಲಗಲಾಗದೆ ತಾವಾಗಿಯೇ ಎದ್ದರು. ಮಹಾದೇವ ಬಾಗಿಲು ತೆರೆದು ಹತ್ತಿದ. ಹತ್ತುವ ಮೊದಲು ಒಳಗೆ ಎಲ್ಲಾದರೂ ಹಲ್ಲಿ ಇದೆಯೇ ಎಂದು ಬಗ್ಗಿ ನೋಡಿದ. ಇನ್ನೊಂದು ಬಾಗಿಲಿನಿಂದ ಪೀರಪ್ಪನೂ ಹತ್ತಿ ಮುಂದಿನ ಸೀಟಿನಲ್ಲಿ ಕೂತ.

"ನೀ ಎಲ್ಲಿಗೋ?" ಯಜಮಾನರ ದನಿ ಒಡೆದಿತ್ತು.

"ಸಮಾಧಾನ ಮಾಡಾಕ ಯಾರರ ಬೇಕಲ್ಲ," ಎಂದ ಪೀರಪ್ಪ. ಹೋಳಿಗೆ ಊಟ ತಯಾರಿತ್ತಲ್ಲ.

ಗಂಡ ಹೆಂಡತಿ ಬಸ್ಸಿಗೆ ಬಂದರು. ಈ ಸಲ ಬಸ್ಸು ಖಾಲಿ ಇತ್ತು. ಅವಳು ಕಿಟಕಿಯ ಪಕ್ಕ ಕೂತಳು, ಅವರು ಅವಳ ಬಗಲಿಗೆ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು. ಕಂಡಕ್ಟರ್ ಅವಳಿಗೆ ಪುಕ್ಕಟೆ ಟಿಕೇಟು ಹರಿದುಕೊಟ್ಟು ಅವರ ಕಡೆ ಕೈ ಚಾಚಿದ. ಅವರು ಸಿಡುಕಿನಿಂದ ಕೊಟ್ಟರು. ವಿದ್ಯಾವತಿ ಹೊರಗೆ ನೋಡುತ್ತಿದ್ದಳು. ತಮ್ಮ ಇನ್ನು ಹಬ್ಬಕ್ಕೆ ಕರೆಯುವುದಿಲ್ಲ, ಆ ಮನೆಯ ಹೊಸ್ತಿಲು ಮತ್ತೆ ಯಾವಾಗ ತುಳಿಯುತ್ತೇನೋ ಎಂದು ಸಂಕಟವಾಗುತ್ತಿತ್ತು. ಹಾಗಿದ್ದೂ ಸಹಿ ಮಾಡದ ಕೈಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

ಮಹಾಗಾಂವ ಕ್ರಾಸ್ ದಾಟಿತು. ದೇವೀಂದ್ರಪ್ಪನವರು ಒಮ್ಮೆ ಕೆಮ್ಮಿದರು. ಟೋಪಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ ಅವಳ ಕಡೆ ಬಾಗಿ, ಇಷ್ಟು ವರ್ಷದಲ್ಲಿ ಅವಳು ಕೇಳದಷ್ಟು ಮೆತ್ತಗಿನ ದನಿಯಲ್ಲಿ ಮಾತು ತೆಗೆದರು.

"ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ಹಂಗ ನೋಡಿದ್ರ, ಪಾಲು ಮಾಡಿದ್ರ ನಮಗ ಎಷ್ಟ್ ಎಕರೆ ಬರ್ತದ?"

ವಿದ್ಯಾವತಿ ಕಿಟಕಿಯಿಂದ ಮುಖ ತಿರುಗಿಸಿ ಅವರನ್ನು ಪೂರ್ತಿ ನೋಡಿದಳು.

"ನಮಗಲ್ರಿ," ಎಂದಳು. "ನನಗ."